ಹರಕೆ ಮುಗಿದ ಮೇಲೆ ಉಳಿಯೋದೇನು? ಮರಿಯಮ್ಮ, ಪರಮಪ್ರಸಾದ ಮತ್ತು ನಮ್ಮ ಧರ್ಮಕೇಂದ್ರ

ಹೆಡ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರಿಗೂ, ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೊರಟಿರೋರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಅವರು ಕ್ರೈಸ್ತರಲ್ಲ. ಆದರೆ ಪ್ರತಿ ಸೆಪ್ಟೆಂಬರ್‌ನಲ್ಲೂ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ಹೋಗ್ತಾರೆ, ಮರಿಯಮ್ಮನ ಮುಂದೆ ಮೇಣದಬತ್ತಿ ಹಚ್ಚಿ ಬರ್ತಾರೆ. ಅವರ ಪ್ರಶ್ನೆ ಇಷ್ಟು: ಹೊರಗೆ ನಾವೆಲ್ಲ ಹರಕೆ ತೀರಿಸ್ತಿರ್ತೀವಿ, ಒಳಗೆ ಪೂಜೆ ನಡೀತಿರುತ್ತೆ, ಈ ಎರಡಕ್ಕೂ ಏನು ಸಂಬಂಧ?

ನಾನು ಉಡುಪಿ ಕಡೆಯ ಕ್ಯಾಥೊಲಿಕ್ ಮನೆಯವನು. ಓದಿದ್ದು ಬಿ.ಕಾಂ., ದೇವಶಾಸ್ತ್ರ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಕ್ಯಾಥೊಲಿಕ್ ಹುಡುಗ ಹುಡುಗಿಯರು ಕೂಡ ಕೇಳ್ಕೋಬೇಕಾದ್ದು ಅಂತ ನನಗನಿಸುತ್ತೆ. ಯಾಕಂದ್ರೆ ವರ್ಷಕ್ಕೊಂದ್ಸಲ ಹಬ್ಬಕ್ಕೆ ಹೋಗಿ ಸೆಲ್ಫಿ ತಗೊಂಡು ಬರೋರು ನಮ್ಮಲ್ಲೂ ಕಮ್ಮಿ ಏನಿಲ್ಲ. ಹಬ್ಬ ಮುಗಿದ ಮೇಲೆ, ಅಕ್ಟೋಬರ್‌ನ ಒಂದು ಸಾಧಾರಣ ಮಂಗಳವಾರ, ಆ ಭಕ್ತಿ ಎಲ್ಲಿರುತ್ತೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಎರಡು ಪದ

ಗೊತ್ತಿಲ್ಲದೋರಿಗಾಗಿ ಬೇಗ ಹೇಳಿಬಿಡ್ತೀನಿ. ಭಾನುವಾರ ಚರ್ಚ್‌ನಲ್ಲಿ ನಡೆಯೋದನ್ನ ಕನ್ನಡದಲ್ಲಿ ಬಲಿಪೂಜೆ ಅಂತೀವಿ. ನಮ್ಮ ಮನೇಲಿ ಕೊಂಕಣಿಯಲ್ಲಿ ಮೀಸ್. ಅದರಲ್ಲಿ ಗೋಧಿ ಹಿಟ್ಟು ಮತ್ತು ನೀರು ಬಿಟ್ಟು ಬೇರೇನೂ ಹಾಕದೆ ಮಾಡಿದ ತೆಳ್ಳಗಿನ ರೊಟ್ಟಿ, ಜತೆಗೆ ದ್ರಾಕ್ಷಾರಸ. ಗುರುಗಳ ಪ್ರಾರ್ಥನೆಯಲ್ಲಿ ಇವು ನಿಜವಾಗಿಯೂ ಯೇಸುಸ್ವಾಮಿಯ ಶರೀರ, ರಕ್ತ ಆಗುತ್ತವೆ ಅನ್ನೋದು ಕ್ಯಾಥೊಲಿಕರ ನಂಬಿಕೆ. ಬರೀ ನೆನಪಿನ ಗುರುತು ಅಲ್ಲ, ಅವರೇ ಅಲ್ಲಿರ್ತಾರೆ. ಅದನ್ನ ಪರಮಪ್ರಸಾದ ಅಂತೀವಿ.

ಇಲ್ಲೊಂದು ಸಣ್ಣ ಗೊಂದಲ ಆಗುತ್ತೆ. 'ಪ್ರಸಾದ' ಅನ್ನೋ ಪದ ಕೇಳಿ ಬೇರೆ ಧರ್ಮದ ಗೆಳೆಯರು ಕೆಲವೊಮ್ಮೆ ಸಾಲಲ್ಲಿ ನಿಂತುಬಿಡ್ತಾರೆ. ಗುಡಿಯಲ್ಲಿ ಪ್ರಸಾದ ಬಂದೋರಿಗೆಲ್ಲ ಕೊಡ್ತಾರಲ್ಲ, ಇಲ್ಲಿ ಯಾಕೆ ಕೊಡಲ್ಲ ಅಂತ ಬೇಜಾರೂ ಮಾಡ್ಕೊಳ್ತಾರೆ. ವಿಷಯ ಏನಂದ್ರೆ, ಅದನ್ನ ಸ್ವೀಕರಿಸೋದು ಅಂದ್ರೆ ಆ ನಂಬಿಕೆಗೆ, ಆ ಸಮುದಾಯಕ್ಕೆ ಬಾಯಿಬಿಟ್ಟು 'ಆಮೆನ್' ಅಂದ ಹಾಗೆ. ಜ್ಞಾನಸ್ನಾನ ಆಗಿರೋ ಕ್ಯಾಥೊಲಿಕರೂ ಅದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ದೊಡ್ಡ ಪಾಪ ಮಾಡಿದ್ರೆ ಪಾಪನಿವೇದನೆ ಮಾಡಿರಬೇಕು. ಹಾಗಂತ ಚರ್ಚ್‌ನ ಬಾಗಿಲು ಯಾರಿಗೂ ಮುಚ್ಚಿಲ್ಲ. ಕೂತು ಪ್ರಾರ್ಥನೆ ಮಾಡಬಹುದು, ಸುಮ್ಮನೆ ಇರಬಹುದು.

ಪೂಜೆ ಮುಗಿದ ಮೇಲೆ ಉಳಿದ ಪರಮಪ್ರಸಾದವನ್ನ ಬಲಿಪೀಠದ ಹತ್ತಿರ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಇಡ್ತಾರೆ. ಪಕ್ಕದಲ್ಲಿ ಹಗಲೂ ರಾತ್ರಿ ಉರಿಯೋ ಒಂದು ದೀಪ ಇರುತ್ತೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಯಾಕೆ ಇಡ್ತಾರೆ? ಮೊದಲ ಕಾರಣ, ಚರ್ಚ್‌ಗೆ ಬರೋಕೆ ಆಗದ ರೋಗಿಗಳಿಗೆ, ಸಾಯೋ ಹೊತ್ತಿನಲ್ಲಿರೋರಿಗೆ ತಗೊಂಡು ಹೋಗೋಕೆ. ಅದರ ಮುಂದೆ ಕೂತು ಆರಾಧನೆ ಮಾಡೋ ಪದ್ಧತಿ ಅದರ ಜತೆಗೇ ಬೆಳೆದದ್ದು. ಈ ಮಾತು ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ತೆನೆ ಮತ್ತು ತಾಯಿ

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಒಂದೇ ದಿನವನ್ನ ಕರ್ನಾಟಕದಲ್ಲಿ ನಾವು ಬೇರೆ ಬೇರೆ ಥರ ಆಚರಿಸ್ತೀವಿ. ಶಿವಾಜಿನಗರದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರುತ್ತೆ, ನೊವೆನಾ ನಡೆಯುತ್ತೆ, ಕಾವಿ ಬಟ್ಟೆ ತೊಟ್ಟ ಭಕ್ತರು ಬರ್ತಾರೆ, ಸೀರೆ ಉಟ್ಟ ತಾಯಿಯ ತೇರು ಬೀದಿಗೆ ಬರುತ್ತೆ. ಹರಿಹರದಲ್ಲಿ ಆರೋಗ್ಯ ಮಾತೆಯ ಹಬ್ಬ. ನಮ್ಮ ಕರಾವಳಿಯಲ್ಲಿ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ.

ತೆನೆ ಹಬ್ಬದಲ್ಲಿ ಮಕ್ಕಳದ್ದೇ ರಾಜ್ಯ. ಒಂಬತ್ತು ದಿನ ಬುಟ್ಟಿ ತುಂಬ ಹೂ ತಂದು ತಾಯಿಗೆ ಹಾಕ್ತಾರೆ, ಕೊನೆಯ ದಿನ ಅವರಿಗೆ ಕಬ್ಬು ಸಿಗುತ್ತೆ. ಆವತ್ತು ಹೊಸ ಭತ್ತದ ತೆನೆಯನ್ನ ಆಶೀರ್ವದಿಸಿ, ಮೆರವಣಿಗೆಯಲ್ಲಿ ತಂದು, ಬಲಿಪೂಜೆ ಮಾಡಿ, ಮನೆಮನೆಗೂ ಹಂಚ್ತಾರೆ. ಮನೇಲಿ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮಾಡಿ ಎಲ್ಲರೂ ಒಟ್ಟಿಗೆ ತಗೋತೀವಿ. ಆಮೇಲೆ ಬಾಳೆಲೆ ಊಟ, ಸಸ್ಯಾಹಾರ, ಪದಾರ್ಥಗಳು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ. ದುಬೈ, ಕುವೈತ್‌ನಲ್ಲಿರೋ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸೋ ತಾಯಂದಿರನ್ನ ನಾನು ನೋಡಿದ್ದೀನಿ.

ಈಗ ಗಮನಿಸಿ. ಒಂದೇ ಬೆಳಗ್ಗೆ ತಾಯಿಗೆ ಹೂ, ಹೊಲದ ತೆನೆ, ಪೀಠದ ಮೇಲೆ ರೊಟ್ಟಿ, ಮನೇಲಿ ಎಲ್ಲರೂ ಸೇರಿ ಊಟ. ಭತ್ತ ಬೇರೆ, ಗೋಧಿ ಬೇರೆ; ತೆನೆ ಪರಮಪ್ರಸಾದ ಅಲ್ಲ, ಅದನ್ನ ಬೆರೆಸಬಾರದು. ಆದರೆ ದಾರಿ ಒಂದೇ. ಹೂ ಹಿಡ್ಕೊಂಡು ತಾಯಿ ಹತ್ತಿರ ಬಂದ ಮಗು ಅಲ್ಲಿಗೇ ನಿಲ್ಲಲ್ಲ. ಅಲ್ಲಿಂದ ಪೂಜೆಗೆ ಹೋಗುತ್ತೆ, ಪೂಜೆಯಿಂದ ಮನೆಗೆ ಬರುತ್ತೆ. ಕೇಳುಗರ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಹಿರಿಯರು ಆಗಲೇ ಹಬ್ಬದಲ್ಲಿ ಇಟ್ಟುಬಿಟ್ಟಿದ್ದಾರೆ.

ಹನ್ನೊಂದು ದಿನದ ಲೆಕ್ಕ

ಸ್ವಲ್ಪ ಇತಿಹಾಸ, ಬೋರ್ ಮಾಡಲ್ಲ. 1964ರ ನವೆಂಬರ್ 21ರಂದು ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಬಗ್ಗೆ ಒಂದು ದೊಡ್ಡ ದಾಖಲೆ ಹೊರಡಿಸ್ತು. ಹೆಸರು ಲೂಮೆನ್ ಜೆನ್ಸಿಯುಂ. ಕ್ರೈಸ್ತ ಬದುಕಿನ ಮೂಲವೂ ಶಿಖರವೂ ಪರಮಪ್ರಸಾದದ ಬಲಿ ಅನ್ನೋ ಮಾತು ಅದರಲ್ಲಿದೆ. ಅದರ ಕೊನೆಯ ಅಧ್ಯಾಯ ಪೂರ್ತಿ ಮರಿಯಮ್ಮನವರ ಬಗ್ಗೆ. ಮರಿಯಮ್ಮನ ಬಗ್ಗೆ ಬೇರೆ ದಾಖಲೆ ಬೇಕಾ, ಇದರೊಳಗೇ ಸೇರಿಸಬೇಕಾ ಅಂತ ಧರ್ಮಾಧ್ಯಕ್ಷರು ಅದಕ್ಕೆ ಹಿಂದಿನ ವರ್ಷ ಮತ ಹಾಕಿದ್ರು. ಸೇರಿಸಿ ಅಂದವರು 1,114, ಬೇರೆ ಇರಲಿ ಅಂದವರು 1,074. ಬರೀ 40 ಮತದ ಅಂತರ! ತಾಯಿಯನ್ನ ಮನೆಯ ಹೊರಗೆ ಬೇರೆ ಕಟ್ಟಡದಲ್ಲಿ ಇಡೋದು ಬೇಡ, ಮನೆಯೊಳಗೇ ಇರಲಿ ಅಂತ ತೀರ್ಮಾನ ಆಯ್ತು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ದಾಖಲೆ ಹೊರಬಂದ ದಿನವೇ ಪೋಪ್ ಆರನೇ ಪೌಲ್ ಮರಿಯಮ್ಮನವರನ್ನ 'ಧರ್ಮಸಭೆಯ ಮಾತೆ' ಅಂತ ಘೋಷಿಸಿದ್ರು. ಅದಾಗಿ ಹನ್ನೊಂದನೇ ದಿನ, ಡಿಸೆಂಬರ್ 2ಕ್ಕೆ, ಅವರು ಎಲ್ಲಿ ಬಂದಿಳಿದ್ರು ಗೊತ್ತಾ? ನಮ್ಮ ಮುಂಬೈನಲ್ಲಿ. ಭಾರತಕ್ಕೆ ಪೋಪ್ ಒಬ್ಬರು ಬಂದದ್ದು ಅದೇ ಮೊದಲು. ಬಂದದ್ದು 38ನೇ ಅಂತಾರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ. ತಾಯಿಯ ಘೋಷಣೆಯಿಂದ ಪರಮಪ್ರಸಾದದ ಸಮ್ಮೇಳನಕ್ಕೆ ಹನ್ನೊಂದೇ ದಿನ.

ಆಮೇಲೆ ಪೋಪ್ ಎರಡನೇ ಜಾನ್ ಪೌಲ್ ಇದನ್ನ ಇನ್ನೂ ಹತ್ತಿರಕ್ಕೆ ತಂದ್ರು. 2002ರಲ್ಲಿ ಜಪಸರಕ್ಕೆ ಹೊಸದಾಗಿ ಬೆಳಕಿನ ರಹಸ್ಯಗಳನ್ನ ಸೇರಿಸಿದ್ರು. ಗುರುವಾರ ಅವುಗಳನ್ನ ಧ್ಯಾನ ಮಾಡ್ತೀವಿ. ಎರಡನೆಯದು ಕಾನಾ ಊರಿನ ಮದುವೆ, ಐದನೆಯದು ಕೊನೆಯ ಊಟದಲ್ಲಿ ಪರಮಪ್ರಸಾದದ ಸ್ಥಾಪನೆ. 2003ರಲ್ಲಿ ಪರಮಪ್ರಸಾದದ ಬಗ್ಗೆ ಬರೆದ ಪತ್ರದಲ್ಲಿ ಒಂದು ಇಡೀ ಅಧ್ಯಾಯ ಮರಿಯಮ್ಮನವರಿಗೆ ಕೊಟ್ಟರು. ಅಲ್ಲಿ ನನಗೆ ತುಂಬ ಹಿಡಿಸಿದ ಯೋಚನೆ ಇದು: ದೇವದೂತನಿಗೆ ಮರಿಯಮ್ಮ ಕೊಟ್ಟ ಒಪ್ಪಿಗೆಗೂ, ನಾವು ಪರಮಪ್ರಸಾದ ತಗೊಳ್ಳುವಾಗ ಹೇಳೋ 'ಆಮೆನ್'ಗೂ ಆಳದ ಹೋಲಿಕೆ ಇದೆ. ಆಕೆ ಯೇಸುವನ್ನ ಗರ್ಭದಲ್ಲಿ ಹೊತ್ತು ಬೆಟ್ಟದ ಸೀಮೆಗೆ, ಎಲಿಜಬೇತಮ್ಮನ ಮನೆಗೆ ಹೋದಳಲ್ಲ, ಆಗ ಆಕೆಯೇ ಲೋಕದ ಮೊದಲ ಪರಮಪ್ರಸಾದ ಪೆಟ್ಟಿಗೆ ಆಗಿದ್ದಳು ಅಂತಾರೆ ಅವರು. ನಡೆಯೋ ಪೆಟ್ಟಿಗೆ. ಒಬ್ಬ ವಯಸ್ಸಾದ ಬಸುರಿಯ ಮನೆಗೆ ನಡೆದು ಹೋದ ಪೆಟ್ಟಿಗೆ.

2025ರ ನವೆಂಬರ್‌ನಲ್ಲಿ ವ್ಯಾಟಿಕನ್ ಇನ್ನೊಂದು ಟಿಪ್ಪಣಿ ಹೊರಡಿಸಿ, ಮರಿಯಮ್ಮನವರನ್ನ 'ಸಹ-ರಕ್ಷಕಿ' ಅಂತ ಕರೆಯೋದು ಸರಿಯಲ್ಲ ಅಂತ ಹೇಳ್ತು. ಕೆಲವರಿಗೆ ನೋವಾಯ್ತು, ತಾಯಿಯನ್ನ ಕೆಳಗಿಳಿಸಿದ್ರು ಅಂತ. ನನಗೆ ಹಾಗನಿಸಲ್ಲ. ಕಾನಾದ ಮದುವೆಯಲ್ಲಿ ಆಕೆ ಕೆಲಸದವರಿಗೆ ಹೇಳಿದ್ದು ಒಂದೇ, ಮಗ ಹೇಳಿದಂತೆ ಮಾಡಿ ಅಂತ. ಅದಾದ ಮೇಲೆ ಶುಭಸಂದೇಶಗಳಲ್ಲಿ ಆಕೆಯ ಮಾತು ಒಂದೂ ಇಲ್ಲ. ತನ್ನ ಕಡೆ ಬಂದೋರನ್ನೆಲ್ಲ ಮಗನ ಕಡೆ ತಿರುಗಿಸೋದೇ ಆಕೆಯ ದೊಡ್ಡಸ್ತಿಕೆ.

ಹರಕೆ ಕೈಗೂಡದಿದ್ದಾಗ

ಇಷ್ಟು ಹೇಳೋದು ಸುಲಭ. ಕಷ್ಟದ ಭಾಗಕ್ಕೆ ಬರ್ತೀನಿ.

ಕೆಲವು ವರ್ಷಗಳ ಹಿಂದೆ ನಮ್ಮ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಮನೆಯವರೆಲ್ಲ ಸೇರಿ ನೊವೆನಾ ಮಾಡಿದ್ವಿ. ಅಪ್ಪ ಹರಕೆ ಹೊತ್ಕೊಂಡ್ರು. ಅಕ್ಕ ಉಪವಾಸ ಮಾಡಿದ್ಲು. ಒಂಬತ್ತು ದಿನ ಮುಗೀತು. ಮುಂದಿನ ವಾರ ಸ್ಕ್ಯಾನ್ ರಿಪೋರ್ಟ್ ಬಂತು, ಕಾಯಿಲೆ ಹರಡಿತ್ತು.

ಕಾಮರ್ಸ್ ಓದಿದೋರಿಗೆ ಗೊತ್ತು, ಒಪ್ಪಂದ ಅಂದ್ರೆ ಎರಡು ಕಡೆ ಇರುತ್ತೆ. ನಮ್ಮಲ್ಲಿ ತುಂಬ ಜನಕ್ಕೆ ಹರಕೆ ಅಂದ್ರೆ ಹಾಗೇ. ನಾವು ಕೊಡೋದು ಕೊಟ್ವಿ, ಇನ್ನು ನೀನು ಕೊಡು. ಅಲ್ಲಿಂದ ಬರದಿದ್ರೆ ಖಾತೆ ಮುಚ್ಚಿಬಿಡ್ತೀವಿ. ಎಷ್ಟೋ ಜನ ಚರ್ಚ್ ಬಿಡೋದು ಜಗಳದಿಂದಲ್ಲ, ಇಂಥ ಒಂದು ರಿಪೋರ್ಟ್‌ನಿಂದ.

ನಮ್ಮ ಮನೇಲಿ ಆಮೇಲೆ ಆಗಿದ್ದು ಇದು. ಪ್ರತಿ ಮಂಗಳವಾರ ಸಂಜೆ ಏಳಕ್ಕೆ ನಮ್ಮ ವಾರ್ಡ್‌ನ ನಾಲ್ಕೈದು ಹೆಂಗಸರು, ಗುರಿಕಾರರ ಹೆಂಡತಿಯೂ ಸೇರಿ, ಜಪಸರ ಹಿಡ್ಕೊಂಡು ಬರೋಕೆ ಶುರು ಮಾಡಿದ್ರು. ಯಾರೂ ಕರೆದಿರಲಿಲ್ಲ. ಒಂದು ಜಪಸರ ಅಂದ್ರೆ ಐವತ್ತಮೂರು ಸಲ ನಮೋ ಮರಿಯಾ, ಇಪ್ಪತ್ತು ನಿಮಿಷ. ಅಮ್ಮನಿಗೆ ಸುಸ್ತಾದ್ರೆ ಅವರು ದನಿ ತಗ್ಗಿಸೋರು, ನಿಲ್ಲಿಸ್ತಿರಲಿಲ್ಲ. ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ ತರೋರು. ಅಂಗಿ ಜೇಬಿನಲ್ಲಿ ಒಂದು ಪುಟ್ಟ ದುಂಡನೆ ಡಬ್ಬಿ. ಅಪ್ಪ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೇಣದಬತ್ತಿ ಹಚ್ಚಿ, ಒಂದು ಲೋಟ ನೀರು ಇಟ್ಟು ಕಾಯೋರು. ಕೊನೆಕೊನೆಗೆ ಅಮ್ಮನಿಗೆ ನುಂಗೋಕೆ ಆಗ್ತಿರಲಿಲ್ಲ. ಉಗುರಿನಷ್ಟು ಚೂರು, ಒಂದು ಚಮಚ ನೀರಿನ ಜತೆ. 'ಆಮೆನ್' ಅನ್ನೋಕೆ ದನಿ ಬರ್ತಿರಲಿಲ್ಲ, ತುಟಿ ಮಾತ್ರ ಅಲುಗಾಡೋದು. ಮಣಿ ಎಣಿಸೋಕೆ ಆಗದಾಗ ಪಕ್ಕದ ಮನೆಯ ಬಾಯಮ್ಮ ಅಮ್ಮನ ಬೆರಳು ಹಿಡಿದು ಒಂದೊಂದೇ ಮಣಿ ದಾಟಿಸೋರು.

ಅಮ್ಮ ತೀರಿಕೊಂಡು ಮೂರು ವರ್ಷ ಆಯ್ತು. ಪವಾಡ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅಂತ ನನಗೆ ಯಾರೂ ವಿವರಿಸಿಲ್ಲ, ವಿವರಿಸೋಕೆ ಬಂದೋರ ಮಾತು ನನಗೆ ಬೇಕಾಗಿಯೂ ಇರಲಿಲ್ಲ. ಆದರೆ ಆ ಏಳೆಂಟು ತಿಂಗಳಲ್ಲಿ ಅಮ್ಮ ಒಂದು ವಾರವೂ ಒಂಟಿ ಆಗಿರಲಿಲ್ಲ. ಪೆಟ್ಟಿಗೆಯಲ್ಲಿ ಪರಮಪ್ರಸಾದ ಇಡೋ ಮೊದಲ ಕಾರಣ ಆಗಲೇ ಹೇಳಿದ್ನಲ್ಲ, ಅದು ನಮ್ಮ ಮಂಚದ ಪಕ್ಕ ಬಂದು ನಿಂತಿತ್ತು. ಮರಿಯಮ್ಮ ಎಲಿಜಬೇತಮ್ಮನ ಮನೆಗೆ ನಡೆದು ಹೋದ ಕಥೆ ನನಗೆ ಈಗ ಪುಸ್ತಕದ ಕಥೆ ಅಲ್ಲ. ಅದಕ್ಕೆ ನೈಟಿ ಮೇಲೆ ಶಾಲು ಹೊದ್ದ, ಟಾರ್ಚ್ ಹಿಡಿದ ನಾಲ್ಕು ಹೆಂಗಸರ ಮುಖ ಇದೆ.

ಹಾಗಾಗಿ ಭಕ್ತಿ ಆಳ ಆಗಿದೆಯಾ ಅಂತ ಅಳೆಯೋಕೆ ನನ್ನ ಹತ್ತಿರ ಒಂದೇ ಲೆಕ್ಕ. ಹಬ್ಬಕ್ಕೆ ಎಷ್ಟು ಜನ ಬಂದ್ರು ಅನ್ನೋದಲ್ಲ. ಹಬ್ಬ ಮುಗಿದ ಮೇಲೆ ಪೀಠದಿಂದ ರೋಗಿಯ ಮನೆಗೆ, ಮನೆಯಿಂದ ಪೀಠಕ್ಕೆ ಜನ ಓಡಾಡ್ತಿದ್ದಾರಾ ಅನ್ನೋದು.

ಫೋನ್‌ನಲ್ಲಿ ಬರದಿದ್ದು

2020ರ ಮಾರ್ಚ್ 27 ನಿಮಗೆ ನೆನಪಿರಬಹುದು. ಲಾಕ್‌ಡೌನ್ ಶುರುವಾದ ವಾರ. ಮಳೆಯಲ್ಲಿ, ಖಾಲಿ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ನಿಂತಿದ್ರು. ಅಲ್ಲಿ ಒಂದು ಹಳೆಯ ಶಿಲುಬೆ ಮತ್ತು ರೋಮ್‌ನ ಜನ ಶತಮಾನಗಳಿಂದ ಪ್ರೀತಿಸೋ ಮರಿಯಮ್ಮನ ಚಿತ್ರಪಟ ಇಟ್ಟಿದ್ರು. ಕೊನೆಗೆ ಅವರು ಪರಮಪ್ರಸಾದವನ್ನ ಎತ್ತಿ ಹಿಡಿದು ಇಡೀ ಲೋಕಕ್ಕೆ ಆಶೀರ್ವಾದ ಕೊಟ್ಟರು. ನಾವೆಲ್ಲ ಅದನ್ನ ನೋಡಿದ್ದು ಇದೇ ಫೋನ್‌ನಲ್ಲಿ. ಆವತ್ತು ಫೋನ್ ಇಲ್ಲದಿದ್ರೆ ಏನೂ ಇರ್ತಿರಲಿಲ್ಲ.

ಆದರೆ ಆ ದಿನಗಳು ಮುಗಿದ ಮೇಲೂ ಕೆಲವರು ಯೂಟ್ಯೂಬ್ ಪೂಜೆಯಲ್ಲೇ ಉಳಿದುಬಿಟ್ರು. ಕಾಯಿಲೆ ಇರೋರಿಗೆ ಅದು ಆಸರೆ, ಸರಿ. ಉಳಿದೋರಿಗೆ? ಊಟದ ವಿಡಿಯೋ ನೋಡಿದ್ರೆ ಹೊಟ್ಟೆ ತುಂಬುತ್ತಾ? ಪರಮಪ್ರಸಾದ ಡೌನ್‌ಲೋಡ್ ಆಗಲ್ಲ. ಅದಕ್ಕೆ ಕಾಲು ಬೇಕು, ಕೈ ಬೇಕು, ಪಕ್ಕದಲ್ಲಿ ಕೆಮ್ಮುತ್ತಾ ಕೂತಿರೋ ಅಂಕಲ್ ಬೇಕು.

ಕಂಪ್ಯೂಟರ್ ಇಷ್ಟಪಡೋ ಹುಡುಗನೊಬ್ಬನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾರ್ಲೊ ಅಕ್ಯುಟಿಸ್. 1991ರಲ್ಲಿ ಲಂಡನ್‌ನಲ್ಲಿ ಹುಟ್ಟಿ ಇಟಲಿಯಲ್ಲಿ ಬೆಳೆದವನು. ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ. 2006ರಲ್ಲಿ, ಹದಿನೈದನೇ ವಯಸ್ಸಿಗೆ, ಲ್ಯುಕೇಮಿಯಾದಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು, ಅಂದ್ರೆ ನಮ್ಮ ತೆನೆ ಹಬ್ಬದ ಹಿಂದಿನ ದಿನ, ಪೋಪ್ ಹದಿನಾಲ್ಕನೇ ಲಿಯೋ ಅವನನ್ನ ಸಂತ ಅಂತ ಘೋಷಿಸಿದ್ರು. ಎಲ್ಲರೂ ವೆಬ್‌ಸೈಟ್ ಬಗ್ಗೆ ಮಾತಾಡ್ತಾರೆ. ನನಗೆ ಮುಖ್ಯ ಅನಿಸೋದು ಅವನ ದಿನಚರಿ: ದಿನಾ ಪೂಜೆ, ದಿನಾ ಜಪಸರ. ಫೋಟೋ ತೆಗೆಯೋ ಅಂಥದ್ದು ಅದರಲ್ಲಿ ಏನೂ ಇಲ್ಲ.

ಹಾಗಾದ್ರೆ ನಾವೇನು ಮಾಡೋದು?

ಬೆಂಗಳೂರಿನ ಪಿಜಿಗಳಲ್ಲಿರೋ ನಮ್ಮಂಥೋರಿಗೆ ದೊಡ್ಡ ತೊಂದರೆ ಅಂದ್ರೆ, ನಾವು ಯಾವ ಧರ್ಮಕೇಂದ್ರಕ್ಕೂ ಸೇರಿದೋರಲ್ಲ. ಊರಿನ ಪಟ್ಟಿಯಲ್ಲಿ ಹೆಸರಿದೆ, ಇಲ್ಲಿ ಯಾರಿಗೂ ಪರಿಚಯ ಇಲ್ಲ. ಮೊದಲನೇ ಕೆಲಸ, ನಿಮ್ಮ ರೂಮಿಗೆ ಹತ್ತಿರದ ಧರ್ಮಕೇಂದ್ರ ಯಾವುದು ಅಂತ ಹುಡುಕಿ, ಆಫೀಸಿಗೆ ಹೋಗಿ ಹೆಸರು ಹೇಳಿ. ಯಾವ ಭಾಷೆಯ ಪೂಜೆ ಎಷ್ಟೊತ್ತಿಗೆ ಅಂತ ಕೇಳಿ. ನೀವು ಅಳೋ ಭಾಷೆಯಲ್ಲಿ ಪ್ರಾರ್ಥನೆ ಮಾಡೋಕೆ ಸಿಕ್ಕಿದ್ರೆ ಅದರ ಸುಖವೇ ಬೇರೆ.

ಎರಡನೇದು, ವಾರಕ್ಕೆ ಅರ್ಧ ಗಂಟೆ ಆ ದೀಪದ ಮುಂದೆ ಸುಮ್ಮನೆ ಕೂರಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಮೊದಲ ಹತ್ತು ನಿಮಿಷ ಆಫೀಸಿನ ಮೇಲ್‌ಗಳೇ ಕಣ್ಮುಂದೆ ಬರುತ್ತವೆ. ಬರಲಿ. ಎದ್ದು ಹೋಗಬೇಡಿ. ಬೋರ್ ಆದ್ರೆ ಜಪಸರದ ಹತ್ತು ಮಣಿ ಹೇಳಿ. ತಾಯಿಯ ಜತೆ ಕೂತು ಮಗನನ್ನ ನೋಡೋದು ಅಂದ್ರೆ ಅಷ್ಟೇ.

ಮೂರನೇದು, ಇದು ನನ್ನ ಹೊಟ್ಟೆಯೊಳಗಿನ ಮಾತು. ನಿಮ್ಮ ವಾರ್ಡ್‌ನಲ್ಲಿ ಹಾಸಿಗೆ ಹಿಡಿದೋರು ಯಾರಿದ್ದಾರೆ ಅಂತ ಕೇಳಿ. ತಿಂಗಳಿಗೊಂದ್ಸಲ, ಇಬ್ಬರು ಮೂವರು ಸೇರಿ, ಜಪಸರ ಹೇಳೋಕೆ ಹೋಗಿ. ಹೋಗೋಕೆ ಮುಂಚೆ ಮನೆಯವರಿಗೆ ಫೋನ್ ಮಾಡಿ. ಉಪದೇಶ ಬೇಡ, ಬೇರೆಯವರಿಗೆ ಗುಣ ಆದ ಕಥೆಗಳೂ ಬೇಡ. ಪರಮಪ್ರಸಾದ ಬೇಕು ಅಂದ್ರೆ ಫಾದರ್‌ಗೆ ತಿಳಿಸಿ.

ಮತ್ತೆ, ವಾಯ್ಸ್ ನೋಟ್ ಕಳಿಸಿದ ಗೆಳೆಯರೇ, ನಿಮಗೂ ಒಂದು ಮಾತು. ಮುಂದಿನ ಸಲ ಶಿವಾಜಿನಗರಕ್ಕೆ ಹೋದಾಗ ಮೇಣದಬತ್ತಿ ಹಚ್ಚಿ ಒಳಗೂ ಬನ್ನಿ, ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ಳಿ. ಸೀರೆ ಉಟ್ಟ ಆ ತಾಯಿಯ ಕೈಯಲ್ಲಿ ಮಗು ಇದೆ ಅಲ್ವಾ? ಹೊರಗಿನ ಹರಕೆಗೂ ಒಳಗಿನ ಪೂಜೆಗೂ ಇರೋ ಸಂಬಂಧ ಆ ಮಗುವೇ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಧರ್ಮಕೇಂದ್ರದಲ್ಲಿ ಇಂಥ ಏನಾದ್ರೂ ನಡೀತಿದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ. ಮುಂದಿನ ವಾರ ಮತ್ತೆ ಸಿಗೋಣ. ದೇವರು ಒಳ್ಳೇದು ಮಾಡ್ಲಿ.